ಯಾವ ಬೀಚು ಬೇಕು ನಿಮಗೆ

ತಹೀತಿ, ಫಾಆ ವಿಮಾನ ನಿಲ್ದಾಣ, ರಾತ್ರಿ ಹತ್ತೂವರೆ.
ಸೆಂಟಿನಂಗಡಿಯ ಗಾಜುಕಟ್ಟೆಯ ಹಿಂದೆ ನಾನು,
ಎದೆಯ ಮೇಲೆ ಹೆಸರಿನ ಬಿಲ್ಲೆ: ಹೇರೆನುಯಿ.
ಕಿವಿಯ ಸಂದಿಗೊಂದು ತಿಯಾರೆ ಮೊಗ್ಗು.
ಮನಸು ಕೊಟ್ಟವರಿಗೆ ಎಡಗಿವಿ, ಕೊಡದವರಿಗೆ ಬಲ.
ಈ ವರ್ಷ ನನ್ನದು ಬಲ.
ಯಾಕೆಂದು ಕೇಳಬೇಡಿ.

ಬಂದಳು ಅವಳು, ಮೂಗಿನ ತುದಿ ಬಿಸಿಲಿಗೆ ಸುಲಿದು,
ಚಪ್ಪಲಿಯ ಪಟ್ಟಿಯಲ್ಲಿನ್ನೂ ಮರಳು.
'ಬೀಚು ಕೊಡಿ' ಎಂದಳು,
ಕಾಲು ಕೇಜಿ ಸಕ್ಕರೆ ಕೇಳಿದ ಹಾಗೆ.
'ಬಿಳಿ ಹೂವಿನದು. ಊರಲ್ಲಿ ಬಿರಡೆ ತೆಗೆದರೆ
ಇಲ್ಲೇ ಇದ್ದಂತಿರಬೇಕು.'
ವಿಮಾನಕ್ಕಿನ್ನು ಮುಕ್ಕಾಲು ಗಂಟೆ.

ಯಾವ ಬೀಚು ತಾಯಿ?
ಕಾವಲಿಯಂತೆ ಕಾದ ಪಾಪೆನೂವಿನ ಕರಿಮರಳೆ,
ಹುಡುಗರು ಹಿಮ್ಮಡಿಯೂರದೆ ನೀರಿಗೋಡುವಲ್ಲಿ?
ದೋಣಿಗಟ್ಟೆಯ ಪಕ್ಕದ್ದೆ, ಡೀಸೆಲು, ಒಣಗುವ ಕೊಬ್ಬರಿ,
ನಾಯಿ ಬಿಟ್ಟುಹೋದ ನಿನ್ನೆಯ ಮೀನಿನ ತಲೆ?
ಇಲ್ಲ, ಒಬ್ಬ ನನ್ನ ಜತೆ ಕೂತು
ನಿಕ್ಕಲ್ ಗಣಿಯ ಸಂಬಳ ಲೆಕ್ಕ ಹಾಕುತ್ತ
ಉಗುರಲ್ಲಿ ಮರಳು ಗೀರಿದ್ದನಲ್ಲ, ಆ ಜಾಗವೆ?

ಹೇಳಲಿಲ್ಲ ಏನೂ. ಅಂಗಡಿಯವಳು ನಾನು.
ನಕ್ಕೆ. ಕಾಗದದ ಪಟ್ಟಿಗಳ ಕಟ್ಟು ಬಿಚ್ಚಿದೆ.

ಸುಗಂಧರಾಜ ಮೊದಲು. ಪ್ಯಾರಿಸ್ಸಿನದು, ಬೆಣ್ಣೆಯಷ್ಟು ದಪ್ಪ.
ಕಣ್ಣು ಮುಚ್ಚಿ ಮೂಸಿದಳು: 'ಮದುವೆಮನೆ.'
ದೇವಕಣಗಲೆ. 'ಚೆನ್ನಾಗಿದೆ. ಆದರೆ ಯಾರೋ ಸತ್ತಿದ್ದಾರೆ.'
(ಬೆಚ್ಚಿದೆ. ನಮ್ಮಜ್ಜಿಯ ಗೋರಿಗೆ ಅದೇ ಮರದ ನೆರಳು.)
ಇಲಾಂಗು, ಕಳಿತ ಬಾಳೆಯ ಹಾಗೆ ಜೋತುಬಿದ್ದದ್ದು: ತಲೆಯಾಡಿಸಿದಳು.
ಉಪ್ಪುಗಾಳಿ ಬೆರೆಸಿದ ಮಲ್ಲಿಗೆ:
'ಹತ್ತಿರ, ಹತ್ತಿರ...' ಮುಖ ಬಾಡಿತು. 'ಸೋಪು.'
ತೆಂಗಿನಹಾಲು ಸುರಿದದ್ದೊಂದಕ್ಕೆ
'ಇದು ಬೀಚಲ್ಲ, ಬೀಚಿನಲ್ಲಿ ಮಾರುವ ಐಸ್‌ಕ್ರೀಮು' ಎಂದು
ತಾನೇ ನಕ್ಕಳು.
ಎಂಟಾಯಿತು, ಹತ್ತಾಯಿತು.
ನಡುನಡುವೆ ಕಾಫಿಬೀಜ ಮೂಸಿಸಿ
ಮೂಗು ತೊಳೆದುಕೊಟ್ಟೆ.

ಆಮೇಲೆ ಕಟ್ಟೆಯ ಮೇಲೆ ಬಗ್ಗಿ,
ನನ್ನ ಕುತ್ತಿಗೆಯತ್ತ:
'ಅದು. ನೀವು ಹಚ್ಚಿಕೊಂಡಿದ್ದೀರಲ್ಲ, ಅದು ಯಾವುದು?'

ಅದಕ್ಕೆ ಡಬ್ಬಿಯಿಲ್ಲ, ಬೆಲೆಯಿಲ್ಲ.
ಚಿಕ್ಕಮ್ಮ ತೇಪುವಾ ಕಾಸುವ ಎಣ್ಣೆ,
ವಿನಿಗರಿನ ಹಳೇ ಸೀಸೆಯಲ್ಲಿ.
ಮೊಗ್ಗು ಬಿರಿಯುವ ಮುಂಚೆ, ಕೋಳಿ ಕೂಗುವ ಮುಂಚೆ ಕೀಳಬೇಕು.
ತುರಿದ ಕಾಯಿಗೆ, ಶಂಖದೊಳಗೆ ಅಡಗುವ ಏಡಿಯ
ಬಾಲ ಜಜ್ಜಿ ಹಾಕಿ ಬಿಸಿಲಿಗಿಡಬೇಕು.
'ಏಡಿಯೆ?'
'ಬೀಚು ಕೇಳಿದಿರಲ್ಲ.'

ಚೀಲದಿಂದ ನನ್ನ ಪುಟ್ಟ ಸೀಸೆ ತೆಗೆದು
ಅವಳ ಮಣಿಕಟ್ಟಿಗೆ ಉಜ್ಜಿದೆ. ಮೂಸಿದಳು.
ಮೈಕು ಮೂರು ಭಾಷೆಯಲ್ಲಿ ಕರೆಯಿತು. ಅಲ್ಲಾಡಲಿಲ್ಲ.
'ಊರಲ್ಲಿ ಚಳಿಯೆ?'
'ಮೈನಸ್ ಒಂಬತ್ತು.'
'ಹಾಗಾದರೆ ಇದು ಹೆಪ್ಪುಗಟ್ಟಿ ಮೇಣವಾದೀತು.
ಕೆಟ್ಟಿತೆಂದು ಚೆಲ್ಲಬೇಡಿ. ಕಂಕುಳಲ್ಲಿಟ್ಟುಕೊಳ್ಳಿ,
ಕರಗುತ್ತದೆ.'

ಸೀಸೆ ಕೊಟ್ಟುಬಿಟ್ಟೆ.
ಸಂಕೋಚಕ್ಕೆ ಅವಳು ಐಸ್‌ಕ್ರೀಮನ್ನೂ ಕೊಂಡಳು,
ದೊಡ್ಡ ಬಾಟಲಿಯನ್ನೇ.

ಒಂದು ಗಂಟೆಗೆ ಮನೆ. ಸ್ಕೂಟರಿನ ಮೇಲೆ ದಾರಿಯುದ್ದಕ್ಕೂ
ಜೇಬಿನ ಹತ್ತು ಪಟ್ಟಿ ಒಂದಕ್ಕೊಂದು ಬೆರೆತು,
ಮದುವೆಮನೆ, ಗೋರಿ, ಬಾಳೆ, ಸೋಪು.
ಕಿವಿಯ ಮೊಗ್ಗು ಅರಳಿ, ಅಂಚು ಕಂದಿ,
ಎಲ್ಲೋ ತಿರುವಿನಲ್ಲಿ ಬಿದ್ದುಹೋಗಿತ್ತು.

ಬಾಗಿಲು ತೆಗೆದ ಚಿಕ್ಕಮ್ಮ ಮೂಗರಳಿಸಿ,
ನಿದ್ದೆಗಣ್ಣಲ್ಲೇ:
'ಇಷ್ಟು ಹೊತ್ತಲ್ಲಿ ಕಡಲಿಗೆ ಹೋಗಿದ್ದೆಯೇನೇ?'

ಕಡಲು ಹಿತ್ತಿಲಲ್ಲೇ ಇದೆ, ಏಳು ತೆಂಗಿನ ಮರದಾಚೆ.
ನಾನದಕ್ಕೆ ಕಾಲಿಟ್ಟು ನಾಲ್ಕು ತಿಂಗಳು.
'ಹೂಂ' ಎಂದೆ.

'ಹಾಗಾದರೆ ಮರಳು ತೊಳೆದುಕೊಂಡು ಒಳಗೆ ಬಾ.'

ನಲ್ಲಿ ತಿರುಗಿಸಿದೆ.
ಮರಳಿಲ್ಲದ ಕಾಲನ್ನು
ಒಂದೊಂದಾಗಿ ಒಡ್ಡಿ, ಬೆರಳ ಸಂದಿಯನ್ನೂ ಬಿಡದೆ,
ಬಹಳ ಹೊತ್ತು ತೊಳೆದೆ.